ಮಸಿಯ ಹದ

ಸಿದ್ದಾಪುರದಿಂದ ಆಟೋದಲ್ಲಿ ಆರು ಚೀಲ ಸಿಮೆಂಟು,
ಒಂದು ಕಮೋಡು, ನನ್ನ ರಸಮಟ್ಟ, ನಾನು.
ಗೇಟಿನ ಹತ್ತಿರ ದೇಚಮ್ಮ ಮೇಡಂ
ಕಾಗದ ಬಿಡಿಸಿ ಹಿಡಿದರು:
"ಇದು ಪ್ಲಾನು, ಮೇಸ್ತ್ರಿ. ಲೈನ್ ಮನೆಯ ಆರು ಕೋಣೆ
ಮೂರಾಗಬೇಕು. ಕಾಫಿ ಹೂ ಬಿಡುವಷ್ಟರಲ್ಲಿ
ದಿನಬಾಡಿಗೆಗೆ ಕೊಡಬೇಕು."
ತಲೆ ಆಡಿಸಿದೆ.
ಇಲ್ಲೇ ಹುಟ್ಟಿದವ ನಾನು ಎಂದು ಹೇಳಲಿಲ್ಲ.
ಹೇಳಿದರೆ ಕೂಲಿ ಇಳಿಸಿಯಾರು,
ಇಲ್ಲವೇ ಏರಿಸಿಯಾರು.
ಎರಡೂ ಬೇಡವಿತ್ತು.

ಬಾಗಿಲ ಮೇಲೆ ಡಾಂಬರಿನ ನಂಬರು ಇನ್ನೂ ಇದೆ.
ನಮ್ಮದು ನಾಲ್ಕು.
ಹತ್ತಡಿಗೆ ಹತ್ತಡಿ, ಚಿಕ್ಕಂದಿನ ಬಾಯಿಪಾಠ;
ಇವತ್ತು ಟೇಪು ಹಿಡಿದರೆ ಒಂಬತ್ತೂ ಮುಕ್ಕಾಲು.
ಆ ಮೂರಿಂಚು ಇಷ್ಟು ವರ್ಷ
ಯಾರ ಲೆಕ್ಕದಲ್ಲಿತ್ತೋ.

ನಡುಗೋಡೆ ಮಾಡಿನವರೆಗೆ ಹೋಗುವುದಿಲ್ಲ,
ಆಳೆತ್ತರಕ್ಕೆ ನಿಂತುಬಿಡುತ್ತದೆ.
ಇಟ್ಟಿಗೆ ಉಳಿಸಿದ ಯಾವನೋ ದೊರೆಯ ಜಾಣತನ.
ಅದರ ಮೇಲಿಂದ ಮೂರನೇ ನಂಬರಿನ ಪಾರುವಿನ
ಒಣಮೀನಿನ ವಾಸನೆ ಬರುತ್ತಿತ್ತು,
ಅಪ್ಪನ ಬೈಗುಳ ಹೋಗುತ್ತಿತ್ತು.
ಉಪ್ಪು ಮುಗಿದರೆ ಅವ್ವ ಬಾಗಿಲು ದಾಟಿದವಳಲ್ಲ,
ಗೆರಟೆಯನ್ನು ಗೋಡೆಯ ನೆತ್ತಿಯ ಮೇಲಿಟ್ಟು
ಎರಡು ಸಲ ತಟ್ಟುವುದು.
ಸ್ವಲ್ಪ ಹೊತ್ತಿಗೆ ತುಂಬಿರುತ್ತಿತ್ತು.

ಎರಡು ಗಂಟೆ ಸಾಕಾಯಿತು ಅದಕ್ಕೆ,
ನನಗೂ ಅಸ್ಸಾಮಿನ ರಫೀಕುಲನಿಗೂ.
ಮೂರು ಈಗ ನಾಲ್ಕರ ಬಚ್ಚಲು.
ಪಾರು ಇಬ್ಬರನ್ನು ಹೆತ್ತ ಮೂಲೆಗೆ ಕಮೋಡು.
ಪೈಪಿನ ಇಳಿಜಾರು ಅಡಿಗೆ ಕಾಲಿಂಚು ಇರಬೇಕು;
ಮಿಕ್ಕದ್ದು ಪ್ಲಾನಿನಲ್ಲಿಲ್ಲ.

"ಇಲ್ಲಿ ದನ ಕಟ್ಟುತ್ತಿದ್ದರಾ?"
ರಫೀಕುಲ ತನ್ನ ಹಿಂದಿಯಲ್ಲಿ ಕೇಳಿದ.
ಹೂಂ ಎಂದೆ.
ರಾತ್ರಿ ಅವನು ಅಲ್ಲೇ ಮಲಗುತ್ತಾನೆ,
ಖಾಲಿ ಸಿಮೆಂಟು ಚೀಲ ಹಾಸಿ,
ಫೋನಿನಲ್ಲಿ ಮಗಳನ್ನು ನಗಿಸುತ್ತ.
ಹೊಸ ಹೆಂಚಿನ ಕೆಳಗೆ ಮೊದಲು ತಂಗಿದವನು ಅವನೇ,
ಪುಸ್ತಕದಲ್ಲಿ ಹೆಸರು ಬರೆಯದೆ.

ಮರದ ಬೋರ್ಡುಗಳು ಬಂದವು ಆಮೇಲೆ:
ಅರೇಬಿಕಾ, ಏಲಕ್ಕಿ, ರೋಬಸ್ಟಾ.
ನಮ್ಮದಕ್ಕೆ ಏಲಕ್ಕಿ.
ಆ ಕೋಣೆಗೆ ಏಲಕ್ಕಿ ಬಂದದ್ದು ಒಂದೇ ಸಲ,
ಅವ್ವನ ಸೆರಗಿನ ಗಂಟಿನಲ್ಲಿ ಏಳು ಕಾಯಿ.
ರೈಟರು ಬಿಚ್ಚಿಸಿ ಎಣಿಸಿದ,
ಅರ್ಧ ದಿನದ ಹಾಜರಿ ಹೊಡೆದ.
ಬೋರ್ಡಿಗೆ ನಾಲ್ಕು ಸ್ಕ್ರೂ, ರಸಮಟ್ಟ ಇಟ್ಟು ನೋಡಿದೆ:
ಗುಳ್ಳೆ ಸರಿಯಾಗಿ ನಡುವೆ.

ಇನ್ನು ಆ ಹಿಂಗೋಡೆ.
ಒಲೆ ಇದ್ದ ಕಡೆ ಮಸಿ ಮಾಡು ಹತ್ತಿತ್ತು.
ಮೊದಲ ದಿನವೇ, ಯಾರೂ ಹೇಳದೆ,
ತಂತಿ ಬ್ರಷ್ಷಿನಲ್ಲಿ ಕೆರೆದುಬಿಟ್ಟಿದ್ದೆ,
ಇಟ್ಟಿಗೆ ಕೆಂಪಗೆ ಕಾಣುವವರೆಗೂ.
ಮೇಡಂ ತಲೆಗೆ ಕೈ ಹಚ್ಚಿದರು:
"ಅಯ್ಯೋ, ಅದೇ ಬೇಕಿತ್ತು ಮೇಸ್ತ್ರಿ!
ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಯುತ್ತಾರೆ.
ಪುನಃ ಮಾಡಕ್ಕಾಗುತ್ತಾ?"

ಆಗುತ್ತದೆ.
ಕರಿ ಆಕ್ಸೈಡು, ಸುಣ್ಣದ ತಿಳಿ, ಚೂರು ಅಂಟು.
ಮೊದಲ ಕೋಟು ಶಾಲೆಯ ಬೋರ್ಡಾಯಿತು,
ಎರಡನೆಯದು ಮಡಿಕೇರಿ ರಸ್ತೆ.
ಮಸಿ ಎಂದರೆ ಬಣ್ಣವಲ್ಲವಲ್ಲ,
ಸವರಿ ಎಸೆದ ಹಸಿ ಕಾಫಿ ಕೊಂಬೆ
ಹೊತ್ತಿಕೊಳ್ಳಲು ತಕರಾರು ಮಾಡಿದ್ದು ಅದು.
ಕೆಳಗೆ ದಪ್ಪ, ಮೇಲೆ ಹೋದಂತೆ ಕಂದು,
ಬಲಕ್ಕೆ ಒಂದಿಷ್ಟು ವಾಲಬೇಕು,
ಬಾಗಿಲ ಗಾಳಿ ಎಡದಿಂದ ತಾನೆ.
ಕೊನೆಗೆ ಬ್ರಷ್ಷು ಬಿಸಾಡಿ ಅಂಗೈಯಲ್ಲೇ ತಿಕ್ಕಿದೆ.
ಒಲೆಯ ಪಕ್ಕ ಮಾತ್ರ
ಒಂದು ಬೆನ್ನಿನಗಲ ಜಾಗ
ಖಾಲಿ ಬಿಟ್ಟೆ.

"ಇಲ್ಲೊಂದು ಕಡೆ ಬಿಟ್ಟುಹೋಗಿದೆ, ಒಂದು ಕೈ ಹೊಡೆಯಿರಿ."
ಹಳೇ ಮಸಿ ಹಾಗೇ ಇರುವುದು ಮೇಡಂ, ಎಂದೆ.
ಅವರು ನನ್ನ ಕೈ ನೋಡಿದರು, ಗೋಡೆ ನೋಡಿದರು,
ಮತ್ತೆ ಕೇಳಲಿಲ್ಲ.

ರಫೀಕುಲನ ಪೆನ್ನು ತೆಗೆದುಕೊಂಡು ಬಿಲ್ಲು ಬರೆದೆ.
ಗೋಡೆಗೆ ಮಸಿ: ನಲವತ್ತೆರಡು ಚದರಡಿ.
ಬಿಟ್ಟ ಜಾಗವನ್ನು
ಲೆಕ್ಕದಿಂದ ಕಳೆಯಲಿಲ್ಲ.